ವೈರಕ್ಕೊಂದು ನಿಜವಾದ ಕಾರಣ ಕೊಡು

ಪ್ರೀತಿಯ ತಂಗೀ,

ನಿನ್ನ ಕಾದಂಬರಿಯ ಹಸ್ತಪ್ರತಿ ಓದಿದೆ, ಜೊತೆಗಿಟ್ಟ ಚೀಟಿಯನ್ನೂ. ಅನಾಥ ಹುಡುಗಿ, ಶಾಪಗ್ರಸ್ತ ರಾಜಕುಮಾರ, ಮೊದಲು ಜಗಳ ಆಮೇಲೆ ಪ್ರೀತಿ, ಎಲ್ಲ ಸವೆದದ್ದೇ ಎಂದು ಓದಿದವರು ಅಂದರಂತೆ. ಹರಿದು ಹಾಕಲೇ ಎಂದು ಕೇಳಿದ್ದೀಯ. ಬೇಡ ಮಾರಾಯ್ತಿ. ಹೊನ್ನಾವರದ ಕಡೆ ಕೀಚಕವಧೆ ಯಕ್ಷಗಾನದ ಆಟಕ್ಕೆ ಕೂತವರಿಗೆ ಕೀಚಕ ಸಾಯುತ್ತಾನೆಂದು ಗೊತ್ತಿಲ್ಲವೇ? ಸೈರಂಧ್ರಿಯ ಎದುರು ಅವನ ಮಾತು ಹೇಗೆ ಬರುತ್ತದೆ ಎಂದು ನಿದ್ದೆಗೆಟ್ಟು ಕಾಯುತ್ತಾರೆ.

ಕಾಗುಣಿತ, ಅಧ್ಯಾಯದ ಉದ್ದ ಎಲ್ಲ ಆಮೇಲೆ ಸರಿಹೋದೀತು. ನನ್ನ ತಕರಾರು ಒಂದೇ. 3ನೇ ಅಧ್ಯಾಯದಲ್ಲಿ ರಾಜಕುಮಾರ ಊರೆದುರು ಹುಡುಗಿಯ ಮಾನ ಕಳೆಯುತ್ತಾನೆ. 9ರಲ್ಲಿ ಅವನ ನೊಂದ ಬಾಲ್ಯ. 11ರಲ್ಲಿ ಮಳೆ, ಛತ್ರದಲ್ಲಿ ಉಳಿದದ್ದು ಒಂದೇ ಕೋಣೆ. 12ರಲ್ಲಿ ಮುತ್ತು. ಕ್ಷಮೆ ಕೇಳಿದ್ದು ಯಾವಾಗ? ಅವನೇಕೆ ಕ್ರೂರಿಯಾದ ಎಂಬುದನ್ನು ಬಾಲ್ಯ ಹೇಳೀತು, ಅವಳ ಬಾಕಿ ತೀರಿಸದು. ಓದುವವರು ಶಾಲೆಯ ಹುಡುಗಿಯರು. ನೋಯಿಸುವುದೇ ಪ್ರೀತಿಯ ಮೊದಲ ಗುರುತು ಎಂದು ಅವರಿಗೆ ಹೇಳಿಕೊಟ್ಟಂತಾಗುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ.

ಜಗಳಕ್ಕೆ ಕಾರಣ ನಿನ್ನ ಕಥೆಯಲ್ಲೇ ಬಿದ್ದಿದೆ. ಅಘನಾಶಿನಿ ನದಿಯಂಚಿನ ಗಜನಿಯನ್ನು ಬರೀ ಹಿನ್ನೆಲೆ ಮಾಡಿಬಿಟ್ಟೆಯಲ್ಲ! ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುವ ಗದ್ದೆ ಅದು, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಸಿಗಡಿ ಹಿಡಿಯುವ ಜಾಗ. ಅವನ ಮನೆತನಕ್ಕೆ ಸಿಗಡಿ ಬೇಕು, ಅವಳ ಕೇರಿಗೆ ಭತ್ತ. ಸಸಿ ಇನ್ನೂ ಎಳೆಯದಾಗಿರುವಾಗಲೇ ಅವನು ತೂಬಿನ ಹಲಗೆ ಎತ್ತಿಸಲಿ. ಕಗ್ಗ ಉಪ್ಪು ತಡೆಯುವ ತಳಿ ನಿಜ, ಆದರೆ ಆ ಹಂತದಲ್ಲಿ ಅದಕ್ಕೂ ಮಿತಿಯುಂಟು. ಈಗ ಅವಳ ದ್ವೇಷಕ್ಕೆ ತೂಕ ಬಂತು.

ಆಮೇಲೆ ಅವಸರ ಮಾಡಬೇಡ. ಉಪ್ಪಿಗೆ ಬಾಡಿದ ಸಸಿಯನ್ನು ಅವನೇ ಕಿತ್ತು ನೋಡಲಿ, ಅವಳ ಬಾಯಿಂದ ಕೇಳಿ ತಿಳಿಯುವುದು ಬೇಡ. ಒಡೆದ ಕಟ್ಟೆಗೆ ಇಬ್ಬರೂ ಮಣ್ಣು ಹಾಕಲಿ. ಭರತ ಅಂದರೆ ಕಡಲಿನ ಉಬ್ಬರ; ಭರತದಿಂದ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ; ನೀರಿಳಿಯುವ ಆರು ಗಂಟೆಯೊಳಗೇ ಕೆಲಸ ಮುಗಿಯಬೇಕು. ಮೊಣಕಾಲವರೆಗೆ ಕೆಸರು, ಕೈಯಿಂದ ಕೈಗೆ ಹೆಂಟೆ, ಮಾತಿಲ್ಲ. ಅವಮಾನಿಸಿದ ಜಾಗದಲ್ಲೇ, ಅಷ್ಟೇ ಜನರೆದುರು, ಅವನು ತಪ್ಪೊಪ್ಪಿಕೊಳ್ಳಲಿ, ಅದರಿಂದ ಅವನ ಕೈಯಿಂದ ಏನಾದರೂ ಹೋಗಲಿ. ಅವಳು ಒಲ್ಲೆ ಎಂದು ಎದ್ದು ಹೋಗಬಲ್ಲ ದಿನವೂ ಒಂದು ಬರಲಿ. ಮುತ್ತು ಅದಾದ ಮೇಲೆ. ಆ ಒಂದೇ ಕೋಣೆಯನ್ನೂ ಅಲ್ಲಿಗೆ ಸರಿಸು. ಈಗಿರುವಲ್ಲಿ ಹೊರಗೆ ಮಳೆ, ಒಳಗೆ ಅವನು, ಅವಳಿಗೆ ಹೋಗಲು ದಾರಿಯೇ ಇಲ್ಲ.

ಅವಳಿಗೆ 19, ಅವನಿಗೆ 500 ವರ್ಷ. ಇದರಲ್ಲಿ ನನ್ನ ಕಡೆಯಿಂದ ರಾಜಿಯಿಲ್ಲ, ಅವನನ್ನು 20ಕ್ಕೆ ಇಳಿಸು. ಗೋಕರ್ಣದ ಗೆಳೆಯನಿಗೆ ಅವಳನ್ನು ಕಾಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ, ತೆಗೆ.

ಅವಳು ಕೈಯೆತ್ತಿದೊಡನೆ ಕಡಲು ನಿಲ್ಲುವುದು ಚಂದ ಬಂದಿದೆ, ಎರಡು ಸಲ ಓದಿದೆ. ಆದರೆ ಪುಕ್ಕಟೆ ಆಯಿತು. ಭರತವನ್ನು ಅವಳು ಹೆಚ್ಚು ಹೊತ್ತು ತಡೆದಷ್ಟೂ, ಮುಂದಿನದು ಹೆಚ್ಚು ಎತ್ತರ ಏರಿ ಆಚೆ ದಡದ ಯಾರದೋ ಗದ್ದೆಗೆ ನುಗ್ಗಲಿ. ಕಟ್ಟೆ ಮುಗಿಯದ ಆ ರಾತ್ರಿ ಅವಳ ಕೈ ನಡುಗಬೇಕು.

ಬರುವ ಹುಣ್ಣಿಮೆಗೆ ಗಜನಿ ಕಟ್ಟೆಯ ಮೇಲೆ ಎರಡು ತಾಸು ನಿಲ್ಲು. ನೀರು ಹಲಗೆಯ ಎಷ್ಟನೇ ಗೇಣಿಗೆ ಬಂತು, ಬರೆದುಕೋ. 9ರಿಂದ 12 ಮತ್ತೆ ಬರೆದು ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ
ಕುಮಟಾ