ಮೂತಿ ಉಜ್ಜಿದರೆ ನಾಯಿ ಏನು ಕಲಿಯುತ್ತದೆ?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ನಾಯಿ ಸಾಕುವವರಿಗೆ ಓದುಗರೊಬ್ಬರು ಕೊಟ್ಟ ಸಲಹೆಗಳನ್ನು ಓದಿದೆ. ಮರಿ ಮನೆಯೊಳಗೆ ಉಚ್ಚೆ ಹೊಯ್ದರೆ ಅದರ ಮೂತಿಯನ್ನು ಅಲ್ಲೇ ಉಜ್ಜಬೇಕಂತೆ. ಗುರ್ ಅಂದರೆ ಕೆಡವಿ, ಕುತ್ತಿಗೆ ಅದುಮಿ ಹಿಡಿಯಬೇಕಂತೆ. ಯಜಮಾನ ಯಾರು ಅಂತ ಮೊದಲ ವಾರದಲ್ಲೇ ಅದಕ್ಕೆ ಗೊತ್ತಾಗಬೇಕಂತೆ. ಬರೆದವರ ಮೇಲೆ ನನಗೆ ಕೋಪ ಇಲ್ಲ. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ದುಡ್ಡು ಕೊಟ್ಟು ಮಾಡಿಸಿದ್ದೆ. ಅದರಿಂದ ಏನಾಯಿತು ಅಂತ ಹೇಳೋಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ. ಕತ್ತರಿ ಹಾಕುವುದಾದರೆ ಹಾಕಿ, ಬೇಜಾರಿಲ್ಲ. ನಾನು ಟೈಲರ್, ನನಗೂ ಅದೇ ಕೆಲಸ.

ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಷಿನ್ ಇದೆ. ಚುಕ್ಕಿ ಬಂದಾಗ ಎರಡೂವರೆ ತಿಂಗಳ ಮರಿ. ಮೈಯೆಲ್ಲ ಕಂದು, ಹಣೆ ಮೇಲೆ ಮಾತ್ರ ಒಂದು ಬಿಳಿ ಮಚ್ಚೆ. ನೆಲಕ್ಕೆ ಬಿದ್ದಿದ್ದೆಲ್ಲ ಅವಳ ಬಾಯಿಗೆ. ಬಟ್ಟೆ ಚೂರು, ಗುಂಡಿ, ದಾರ. ದಾರ ಅಂದರೆ ಸುಮ್ನೆ ಅಲ್ಲ. ನುಂಗಿದ ದಾರದ ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡರೆ ಕರುಳು ಅದರ ಮೇಲೆ ನೆರಿಗೆ ನೆರಿಗೆಯಾಗಿ ಮುದುಡಿಕೊಳ್ಳುತ್ತದೆ. ದಾರ ಕರುಳನ್ನು ಕೊಯ್ಯಲೂಬಹುದು. ತುದಿಯಲ್ಲಿ ಸೂಜಿಯೂ ಇದ್ದರೆ ಕೇಳಲೇಬೇಡಿ. ಇದರ ಮೇಲೆ ಅಳತೆ ಕೊಡಲು ಬಂದವರ ಮೈಮೇಲೆ ಹಾರುವುದು ಬೇರೆ. ಹಾಗಾಗಿ ಯಾರೋ ಹೇಳಿದರು ಅಂತ ಒಬ್ಬ ತರಬೇತುದಾರರನ್ನು ಕರೆಸಿದೆವು.

ಅವರು ಚುಕ್ಕಿಯ ಕುತ್ತಿಗೆಗೆ ಬಿಗಿಯುವ ಸರಪಳಿ ಹಾಕಿದರು. 'ಸಿಟ್' ಅನ್ನುವುದು, ಜಗ್ಗುವುದು. ಮೂರು ವಾರದಲ್ಲಿ ಕೂರುವುದನ್ನು ಕಲಿತಳು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಒಂದು ಬೆಳಿಗ್ಗೆ ಕುತ್ತಿಗೆಯಲ್ಲಿದ್ದ ಅಳತೆ ಟೇಪು ತೆಗೆಯೋಣ ಅಂತ ಕೈ ಎತ್ತಿದೆ, ಅಷ್ಟೇ. ನಾನು ಅವಳ ಕಡೆ ನೋಡಿಯೂ ಇರಲಿಲ್ಲ. ಚುಕ್ಕಿ ನೆಲಕ್ಕೆ ಅಂಟಿಕೊಂಡಳು. ಕಿವಿ ಹಿಂದಕ್ಕೆ ಹೋಗಿತ್ತು, ಬಾಲ ಹೊಟ್ಟೆಯ ಕೆಳಗೆ ಸೇರಿತ್ತು, ಕೆಳಗೆ ಸಣ್ಣದೊಂದು ಉಚ್ಚೆಯ ಗೆರೆ ಹರಿಯಿತು. ಅವಳು ಕಲಿತಿದ್ದು ಕೂರುವುದನ್ನಲ್ಲ, ಎತ್ತಿದ ಕೈ ಅಂದರೆ ಏನು ಅನ್ನುವುದನ್ನು.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಮೊದಲೆಲ್ಲ ಬಾಯಿಯಿಂದ ಏನಾದರೂ ಕಿತ್ತುಕೊಳ್ಳಲು ಹೋದರೆ ಗುರ್ ಅನ್ನುತ್ತಿದ್ದಳು. ಅದಕ್ಕೆ ಆ ತರಬೇತುದಾರರು ಮೂತಿಗೆ ಬಾರಿಸಿದರು. ಗುರ್ ಅನ್ನುವುದು ನಿಂತಿತು. ಸರಿಹೋಯಿತು ಅಂದುಕೊಂಡೆವು. ಒಂದು ಸಂಜೆ ಅವಳ ಬಾಯಲ್ಲಿ ದಾರದ ರೀಲು ಕಂಡು ಬಗ್ಗಿದೆ. ಸದ್ದಿಲ್ಲ, ಗದ್ದಲವಿಲ್ಲ, ನೇರ ಕಚ್ಚಿದಳು. ಹೆಬ್ಬೆರಳ ಬುಡದಲ್ಲಿ ಎರಡು ಹಲ್ಲು ಇಳಿದಿದ್ದವು. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಿದೆ. ಹತ್ತು ದಿನ ಕತ್ತರಿ ಹಿಡಿಯಲು ಆಗಲಿಲ್ಲ. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ಎಚ್ಚರಿಕೆ ಕೊಟ್ಟಿದ್ದಕ್ಕೇ ಹೊಡೆದರೆ ಅದು ಎಚ್ಚರಿಸುವುದನ್ನು ಬಿಡುತ್ತದೆ. ಹೆದರಿಕೆ ಒಳಗೆ ಹಾಗೇ ಇರುತ್ತದೆ.

ಚುಕ್ಕಿಯನ್ನು ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ನಾಯಿಯನ್ನು ಮುಟ್ಟುವ ಮೊದಲು ನನ್ನ ಬ್ಯಾಂಡೇಜು ನೋಡಿ ಕೇಳಿದರು: "ಬಾಯಲ್ಲಿರೋದನ್ನ ಬಿಟ್ಟರೆ ಅದಕ್ಕೆ ಏನು ಸಿಗುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಏನೂ ಸಿಗುತ್ತಿರಲಿಲ್ಲ. ಇದ್ದಿದ್ದನ್ನೂ ಕಿತ್ತುಕೊಳ್ಳುತ್ತಿದ್ದೆವು.

ಅವರು ಹೇಳಿಕೊಟ್ಟಿದ್ದನ್ನು ಬಿಡಿಸಿ ಬರೆಯುತ್ತೇನೆ. ಯಾರಿಗಾದರೂ ಬೇಕಾಗಬಹುದು. ಬೇಯಿಸಿದ ಕೋಳಿಮಾಂಸದ ತುಣುಕು, ಬಟಾಣಿ ಕಾಳಿಗಿಂತ ಚಿಕ್ಕದು. ಒಂದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಅವಳ ಮುಂದೆ ಚಾಚಿದೆ. ನೆಕ್ಕಿದಳು, ಮೂತಿಯಿಂದ ತಿವಿದಳು, ಪಂಜದಿಂದ ಕೆರೆದಳು. ನಾನು ಮಾತಾಡಲಿಲ್ಲ, ಕೈ ಅಲುಗಿಸಲಿಲ್ಲ. ಒಂದು ನಿಮಿಷ ಒಂದು ಗಂಟೆಯ ಹಾಗಿತ್ತು. ಕೊನೆಗೆ ಬೇಸತ್ತು ಮೂತಿ ಹಿಂದೆ ಎಳೆದುಕೊಂಡಳು. ಆ ಕ್ಷಣಕ್ಕೇ 'ಸೈ' ಅಂದು ಇನ್ನೊಂದು ಕೈಯಿಂದ ತುಣುಕು ಕೊಟ್ಟೆ. ಈ ಇನ್ನೊಂದು ಕೈ ಅನ್ನುವುದೇ ಗುಟ್ಟು. ಆಸೆಪಟ್ಟಿದ್ದನ್ನು ಬಿಟ್ಟರೆ ಒಳ್ಳೆಯದು ಬೇರೆ ಕಡೆಯಿಂದ ಬರುತ್ತದೆ ಅಂತ ಅವಳಿಗೆ ಗೊತ್ತಾಗಬೇಕು. ಏಳೆಂಟು ಸಲ ಆದ ಮೇಲೆ ಮುಷ್ಟಿ ಕಂಡ ತಕ್ಷಣ ಹಿಂದೆ ಸರಿದು ನನ್ನ ಮುಖ ನೋಡತೊಡಗಿದಳು. ಆಗ 'ಬಿಡು' ಅನ್ನುವ ಮಾತನ್ನು ಸೇರಿಸಿದೆ, ಮೊದಲೇ ಅಲ್ಲ. ಆಮೇಲೆ ತೆರೆದ ಅಂಗೈ, ಆಮೇಲೆ ನೆಲದ ಮೇಲಿನ ತುಣುಕು, ಆಮೇಲೆ ಬಟ್ಟೆ ಚೂರು. ಬಾಯಿಗೆ ಹಾಕಿಕೊಂಡಿದ್ದನ್ನು ಬಿಡುವುದು ಇನ್ನೂ ಆಚೆಯ ಪಾಠ. ಅದನ್ನು ಅವಳದೇ ಆಟಿಕೆಯಿಂದ ಶುರು ಮಾಡಿದೆ. ಆಟಿಕೆ ಬಿಟ್ಟರೆ ತುಣುಕು, ತುಣುಕು ತಿಂದ ಮೇಲೆ ಆಟಿಕೆಯೂ ವಾಪಸ್ಸು. ದಿನಕ್ಕೆ ಎರಡು ಸಲ, ಐದೈದೇ ನಿಮಿಷ. ದಾರದವರೆಗೆ ಬರಲು ಒಂದೂವರೆ ತಿಂಗಳು ಹಿಡಿಯಿತು.

'ಸೈ' ಯಾಕೆ ಅಂದರೆ, ಅದರ ಹಿಂದೆ ನನ್ನದೇ ಒಂದು ಪೆದ್ದುತನ ಇದೆ. ಒಳ್ಳೆಯದು ಮಾಡಿದ ಕ್ಷಣವನ್ನು ಒಂದು ಸದ್ದಿನಿಂದ ಗುರುತು ಮಾಡಿ ಅಂದಿದ್ದರು. ತಿಂಡಿ ಬಾಯಿಗೆ ಹೋಗುವುದು ಎರಡು ಸೆಕೆಂಡು ತಡವಾದರೂ ಯಾವುದಕ್ಕೆ ಸಿಕ್ಕಿತು ಅಂತ ಆ ಸದ್ದು ಹೇಳುತ್ತದೆ. ಅದಕ್ಕೆ ಕ್ಲಿಕ್ಕರ್ ಅಂತ ಒಂದು ಪುಟ್ಟ ಡಬ್ಬಿ ಸಿಗುತ್ತದೆ. ನಾನು ಜಾಣೆ, ಒತ್ತುವ ಪೆನ್ನು ಸಾಕು ಅಂದುಕೊಂಡೆ. ಟಿಕ್ ಅನ್ನಿಸು, ತುಣುಕು ಕೊಡು. ಚೆನ್ನಾಗೇ ನಡೆಯಿತು, ಯಾರೋ ಅಳತೆ ಕೊಡಲು ಬರುವವರೆಗೆ. ಅಳತೆ ಪುಸ್ತಕ ತೆರೆದು ಪೆನ್ನು ಒತ್ತಿದೆ. ಒಳಗಿನ ಕೋಣೆಯಿಂದ ಚುಕ್ಕಿ ಬಾಣದ ಹಾಗೆ ಬಂದು ನನ್ನ ಮುಂದೆ ಕೂತು ಜೊಲ್ಲು ಸುರಿಸಿದಳು. ಎದೆ, ಟಿಕ್. ಸೊಂಟ, ಟಿಕ್. ಅವತ್ತಿನಿಂದ ಪೆನ್ನು ಬಿಟ್ಟು 'ಸೈ' ಹಿಡಿದೆ. ದಿನದ ಮಾತಿನಲ್ಲಿ ನಾವು ಯಾರೂ ಆಡದ ಪದ, ಗೊಂದಲ ಇಲ್ಲ.

ಕೂತ್ಕೋ, ಇರು, ಸುತ್ತು, ಕೈ ಕೊಡು, ಇವೆಲ್ಲ ಇದೇ ದಾರಿಯಲ್ಲಿ ಬೇಗ ಬಂದವು. ಮೂಗಿನ ಮೇಲಿಂದ ತುಣುಕನ್ನು ನಿಧಾನ ಹಿಂದಕ್ಕೆ ಒಯ್ದರೆ ತಲೆ ಮೇಲೆ ಹೋಗುತ್ತದೆ, ಕುಂಡೆ ತಾನೇ ಕೆಳಗೆ ಬರುತ್ತದೆ. ನಾಲ್ಕೈದು ಸಲ ಆದ ಮೇಲೆ ಖಾಲಿ ಕೈಯಲ್ಲೇ ಅದೇ ಸನ್ನೆ ಮಾಡಬೇಕು. ಇಲ್ಲದಿದ್ದರೆ ತಿಂಡಿ ಕಂಡರೆ ಮಾತ್ರ ಕೂರುವ ನಾಯಿ ತಯಾರಾಗುತ್ತದೆ. 'ಬಾ' ಮಾತ್ರ ನಾನೇ ಕೆಡಿಸಿದ್ದೆ. ಬಾ ಅಂತ ಕರೆದು ಸ್ನಾನಕ್ಕೆ ಎಳೆದುಕೊಂಡು ಹೋಗಿದ್ದೆ, ಉಗುರು ಕತ್ತರಿಸಿದ್ದೆ, ಬೈದೂ ಇದ್ದೆ. ಆ ಪದ ಕೇಳಿದರೆ ಮಂಚದ ಕೆಳಗೆ ಹೋಗುತ್ತಿದ್ದಳು. ಕೊನೆಗೆ 'ಇಲ್ಲಿ' ಅಂತ ಹೊಸ ಪದ ಹುಡುಕಿ ಮೊದಲಿನಿಂದ ಶುರು ಮಾಡಬೇಕಾಯಿತು.

ಮೈಮೇಲೆ ಹಾರುವುದನ್ನು ಬಿಡಿಸುವಾಗ ಅಡ್ಡ ಬಂದವರು ನಮ್ಮ ಮನೆಯವರು. ಹಾರಿದರೆ ಬೆನ್ನು ತಿರುಗಿಸಿ ನಿಲ್ಲಬೇಕು, ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತಾಡಿಸಬೇಕು ಅಂತ ಒಪ್ಪಂದ ಆಗಿತ್ತು. ತಳ್ಳುವುದು, 'ಏಯ್' ಅನ್ನುವುದು ಕೂಡ ನಾಯಿಗೆ ಆಟವೇ. ಇವರು ವಾರಕ್ಕೊಮ್ಮೆ ಖುಷಿಯಾದಾಗ "ಪರವಾಗಿಲ್ಲ ಬಾರೇ" ಅಂತ ಎದೆಗೆ ಹತ್ತಿಸಿಕೊಳ್ಳುತ್ತಿದ್ದರು. ಯಾವಾಗಲೋ ಒಮ್ಮೆ ಸಿಗುವ ಬಹುಮಾನಕ್ಕೇ ಚಟ ಜಾಸ್ತಿ. ಲಾಟರಿ ಟಿಕೆಟ್ ಕೊಳ್ಳುವವರನ್ನು ನೋಡಿಲ್ವಾ? ನಾಯಿಗಿಂತ ಇವರಿಗೆ ಕಲಿಸಲು ಜಾಸ್ತಿ ದಿನ ಬೇಕಾಯಿತು.

ಇನ್ನು ಮೂತಿ ಉಜ್ಜುವ ವಿಷಯ. ನಾಯಿ ತನಗೆ ಆಗಿದ್ದನ್ನು ಆಗಷ್ಟೇ ಮಾಡಿದ ಕೆಲಸದ ಜೊತೆ ಜೋಡಿಸಿಕೊಳ್ಳುತ್ತದೆ. ಹತ್ತು ನಿಮಿಷದ ಹಿಂದಿನ ಉಚ್ಚೆಗೆ ಈಗ ಉಜ್ಜಿದರೆ ಅದಕ್ಕೆ ತಿಳಿಯುವುದು ನೀವು ಅಪಾಯ ಅನ್ನುವುದೊಂದೇ. 'ತಪ್ಪು ಮಾಡಿದೆ ಅಂತ ಅದಕ್ಕೆ ಗೊತ್ತು, ಮುಖ ನೋಡಿ' ಅನ್ನುತ್ತಾರಲ್ಲ, ಅದನ್ನೂ ಪರೀಕ್ಷೆ ಮಾಡಿದ್ದಾರೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಸಂಶೋಧಕಿ 2009ರಲ್ಲಿ 14 ನಾಯಿಗಳನ್ನು ನೋಡಿದರು. ತಿನ್ನಬೇಡ ಅಂದ ತಿಂಡಿಯನ್ನು ತಿನ್ನದೇ ಇದ್ದ ನಾಯಿಯನ್ನೂ, ತಿಂದಿದೆ ಅಂತ ಮಾಲೀಕರಿಗೆ ಹೇಳಿ ಬೈಸಿದರು. ಆ ಪಾಪದ ಮುಖ ಬೈದಾಗ ಬಂತೇ ಹೊರತು ತಪ್ಪು ಮಾಡಿದ್ದಕ್ಕಲ್ಲ. ಮರಿ ನಿದ್ದೆಯಿಂದ ಎದ್ದಾಗ, ಉಂಡಾದ ಮೇಲೆ, ಆಟ ಮುಗಿದಾಗ ಹೊರಗೆ ಒಯ್ಯಿರಿ. ಅಲ್ಲಿ ಹೊಯ್ದ ತಕ್ಷಣ, ಅಲ್ಲೇ ನಿಂತು, ತುಣುಕು ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದಿದ್ದಕ್ಕೆ ಸಿಕ್ಕಿತು ಅಂದುಕೊಳ್ಳುತ್ತದೆ.

ಯಜಮಾನಿಕೆಯ ಕಥೆ ಹಬ್ಬಿದ್ದು ತೋಳಗಳಿಂದ. ಬೇರೆ ಬೇರೆ ಕಡೆಯ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿ, ಅವು ಕಚ್ಚಾಡುವುದನ್ನು ನೋಡಿ, ಗುಂಪಿಗೊಬ್ಬ ಯಜಮಾನ ಇರುತ್ತಾನೆ ಅಂದರು. ಡೇವಿಡ್ ಮೀಚ್ ಅನ್ನುವ ತೋಳದ ತಜ್ಞರು 1970ರಲ್ಲಿ ತಾವೇ ಹಾಗೆ ಬರೆದಿದ್ದರು. ಆಮೇಲೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು ಅಂತ 1999ರಲ್ಲಿ ತಿದ್ದಿ ಬರೆದರು. ಹಾಗೆ ಬರೆದವರೇ ಆ ಮಾತನ್ನು ವಾಪಸ್ಸು ಪಡೆದಿದ್ದಾರೆ, ನಾವು ಮಾತ್ರ ಮರಿಗಳನ್ನು ಕೆಡವಿ ಅದುಮುತ್ತಲೇ ಇದ್ದೇವೆ.

2020ರಲ್ಲಿ ಪೋರ್ಚುಗಲ್ಲಿನಲ್ಲಿ ಬೇರೆ ಬೇರೆ ತರಬೇತಿ ಶಾಲೆಗಳ 92 ನಾಯಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಶಿಕ್ಷೆ ಕೊಡುವ ಶಾಲೆಗಳ ನಾಯಿಗಳ ಜೊಲ್ಲಿನಲ್ಲಿ ತರಬೇತಿಯ ನಂತರ ಒತ್ತಡದ ಹಾರ್ಮೋನ್ ಏರಿತ್ತು. ಅವು ತುಟಿ ನೆಕ್ಕುವುದು, ಆಕಳಿಸುವುದು ಜಾಸ್ತಿ ಇತ್ತು. ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು. ಒಂದು ಕಡೆ ಇಟ್ಟ ಬಟ್ಟಲಲ್ಲಿ ಯಾವಾಗಲೂ ತಿಂಡಿ, ಇನ್ನೊಂದು ಕಡೆಯದು ಖಾಲಿ ಅಂತ ಕಲಿಸಿ, ಆಮೇಲೆ ಬಟ್ಟಲನ್ನು ನಡುವೆ ಇಟ್ಟರು. ಜಾಸ್ತಿ ಶಿಕ್ಷೆ ಕಂಡ ನಾಯಿಗಳು ಅದರ ಹತ್ತಿರ ಹೋಗಲು ತಡ ಮಾಡಿದವು. ಒಳ್ಳೆಯದು ಇರಬಹುದು ಅನ್ನುವ ನಂಬಿಕೆಯೇ ಕಮ್ಮಿಯಾಗಿತ್ತು. ಇದನ್ನು ಓದಿದಾಗ ನೆಲಕ್ಕೆ ಅಂಟಿಕೊಂಡ ಚುಕ್ಕಿ ಕಣ್ಣ ಮುಂದೆ ಬಂದಳು.

ತಿಂಡಿ ಕೊಟ್ಟು ಕಲಿಸುವುದು ಲಂಚ ಅಂತ ನಮ್ಮ ಪಕ್ಕದ ಮನೆಯವರು ಈಗಲೂ ಅನ್ನುತ್ತಾರೆ. ಲಂಚ ಕೆಲಸಕ್ಕೆ ಮೊದಲು ತೋರಿಸುವುದು, ಕೂಲಿ ಕೆಲಸ ಆದ ಮೇಲೆ ಕೊಡುವುದು. ನಾನೂ ಕೂಲಿಗೇ ಹೊಲಿಯುತ್ತೇನೆ. ತಿಂಡಿಯ ಲೆಕ್ಕ ಮಾತ್ರ ಇಡಬೇಕು. ದಿನದ ಆಹಾರದ ಹತ್ತನೇ ಒಂದು ಪಾಲು ಮೀರಬಾರದು, ಇಲ್ಲದಿದ್ದರೆ ನಾಯಿ ದಪ್ಪ ಆಗುತ್ತದೆ. ಚಾಕೊಲೇಟು, ದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ, ಆ ಕಡೆ ಹೋಗಲೇಬೇಡಿ. ಎಲ್ಲಾ ಗೆದ್ದಿದ್ದೇನೆ ಅಂತಲೂ ಅಲ್ಲ. ಬಾಗಿಲ ಗಂಟೆ ಹೊಡೆದರೆ ಚುಕ್ಕಿ ಈಗಲೂ ಕಲಿತಿದ್ದನ್ನೆಲ್ಲ ಮರೆಯುತ್ತಾಳೆ. ಇದ್ದಕ್ಕಿದ್ದಂತೆ ಕಚ್ಚಲು ಶುರು ಮಾಡಿದ ನಾಯಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಬೇಕು. ಎಲ್ಲಾದರೂ ನೋವಿರಬಹುದು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಸಾಕುಪ್ರಾಣಿಗಳ ಬಗ್ಗೆ ಸಲಹೆ ಅಚ್ಚು ಮಾಡುವ ಮೊದಲು ಒಬ್ಬ ಪಶುವೈದ್ಯರ ಕಣ್ಣಿಗೆ ಬೀಳಿಸಿ. ಕಳೆದ ವಾರದ ಸಲಹೆ ಓದಿ ಇಷ್ಟು ಹೊತ್ತಿಗೆ ಯಾರ ಮನೆಯ ಮರಿಯ ಮೂತಿ ಉಜ್ಜಿದ್ದಾರೋ ಏನೋ.

ಮೊನ್ನೆ ಹೊಲಿಯುತ್ತಿರುವಾಗ ಮೇಜಿನಿಂದ ದಾರದ ರೀಲು ಉರುಳಿ ಬಿತ್ತು. ನಾನು ಏಳುವಷ್ಟರಲ್ಲಿ ಚುಕ್ಕಿಯ ಬಾಯಲ್ಲಿತ್ತು. ಕೂತಲ್ಲಿಂದಲೇ 'ಬಿಡು' ಅಂದೆ. ನಡೆದು ಬಂದು ನನ್ನ ಪಾದದ ಮೇಲೆ ಉಗುಳಿದಳು, ಇನ್ನೊಂದು ಕೈಯ ಕಡೆ ನೋಡುತ್ತಾ ನಿಂತಳು. ದಾರ ಪೂರ್ತಿ ಒದ್ದೆಯಾಗಿತ್ತು, ಹೊಲಿಗೆಗೆ ಬರಲಿಲ್ಲ.

ಇತಿ,
ಚುಕ್ಕಿಯ ಮನೆಯ ಟೈಲರ್