ಚಿಕ್ಕ ವಯಸ್ಸಿಗೆ ಬೆನ್ನು ನೋಯಬಾರದೇ?

ಮಾನ್ಯರೇ,

ನನಗೆ 27. ಬೆಳಿಗ್ಗೆ ಎದ್ದು ಬಗ್ಗಿ ಸಾಕ್ಸ್ ಹಾಕಿಕೊಳ್ಳುವಷ್ಟು ಬೆನ್ನು ಸಡಿಲವಾಗಲು ಒಂದು ತಾಸು ಬೇಕು. ‘ಮೊಬೈಲು ಬಿಡು, ಸರಿಹೋಗುತ್ತೆ’ ಎಂದವರೇ ಎಲ್ಲ. ನಾಲ್ಕು ವರ್ಷ ಮುಲಾಮು, ಬೆಲ್ಟು ಎಂದು ಅಲೆದ ಮೇಲೆ ಗೊತ್ತಾಗಿದ್ದು ಇದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳು ಉರಿಯೂತದಿಂದ ಬಿಗಿಯುವ ಒಂದು ಬಗೆಯ ಸಂಧಿವಾತ ಎಂದು. 45 ವರ್ಷದೊಳಗೆ ಶುರುವಾಗಿ 3 ತಿಂಗಳು ದಾಟಿದ, ಮಲಗಿದರೆ ಹೆಚ್ಚಿ ಓಡಾಡಿದರೆ ತಗ್ಗುವ ನೋವಿದ್ದರೆ ಸಂಧಿವಾತ ತಜ್ಞರನ್ನು ಕಾಣಬೇಕೆಂದು ಯಾರಾದರೂ ಮೊದಲೇ ಹೇಳಿದ್ದರೆ! ಈಗ ಮಾತ್ರೆ, ದಿನವೂ ವ್ಯಾಯಾಮ. ಬಸ್ಸಿನಲ್ಲಿ ಕೂತರೆ ಮಾತ್ರ ‘ವಯಸ್ಸಿನ ಹುಡುಗ, ಏಳಪ್ಪ’ ಎನ್ನುವುದು ತಪ್ಪಿಲ್ಲ. ಎದ್ದುಬಿಡುತ್ತೇನೆ, ವಿವರಿಸುವಷ್ಟರಲ್ಲಿ ನನ್ನ ಸ್ಟಾಪೇ ಬಂದಿರುತ್ತದೆ. ತಾಲ್ಲೂಕು ಆಸ್ಪತ್ರೆಗಳ ಗೋಡೆಯ ಮೇಲೆ ಡೆಂಗಿ ಪೋಸ್ಟರಿನ ಪಕ್ಕ ಇದಕ್ಕೂ ಒಂದು ಹಾಳೆ ಅಂಟಿಸಲಿ.

– ಓದುಗ, ಬೆಂಗಳೂರು