ದೈವದ ವೇಷ ಸ್ಪರ್ಧೆಯ ಸರಕಲ್ಲ

ಶಾಲಾ ವಾರ್ಷಿಕೋತ್ಸವ, ಛದ್ಮವೇಷ ಸ್ಪರ್ಧೆ, ಮೆರವಣಿಗೆಗಳಲ್ಲಿ ದೈವಾರಾಧನೆಯ ವೇಷವನ್ನು ಅನುಕರಿಸುವ ಚಾಳಿ ಹಬ್ಬುತ್ತಿರುವುದು ಖಂಡನೀಯ. ತುಳುನಾಡಿನಲ್ಲಿ ಗಗ್ಗರ (ಕಾಲ್ಗೆಜ್ಜೆ) ಕಟ್ಟಿ ದೈವದ ವೇಷ ಧರಿಸುವ ಹಕ್ಕು ಪಂಬದ, ಪರವ, ನಲಿಕೆ ಸಮುದಾಯಗಳಿಗೆ ಪರಂಪರೆಯಿಂದ ಬಂದದ್ದು. ವ್ರತ ಹಿಡಿದು, ದೈವದ ಕಥೆ ಹೇಳುವ ಪಾಡ್ದನ ಹಾಡಿನ ನಡುವೆ ಬಣ್ಣ ಹಚ್ಚಿ, ಬೆನ್ನಿಗೆ ಕಟ್ಟುವ ಭಾರದ ಅಣಿ (ಪ್ರಭಾವಳಿ) ಹೊತ್ತು ರಾತ್ರಿಯಿಡೀ ಸಲ್ಲಿಸುವ ಆ ಸೇವೆ ಮನರಂಜನೆಯಲ್ಲ. ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ಬಳಿಕ ನೇಮಗಳಿಗೇ (ದೈವದ ಉತ್ಸವಗಳಿಗೇ) ವಿರಾಮವಿರುತ್ತದೆ. ವೇದಿಕೆಯ ಅನುಕರಣೆಗೆ ಕಾಲದ ಕಟ್ಟೂ ಇಲ್ಲ, ಕಟ್ಟಳೆಯೂ ಇಲ್ಲ. ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ: ನೇಮದಂದು ಕೈಮುಗಿದು, ಮರುದಿನ ಅದೇ ದೈವನರ್ತಕರನ್ನು ಜಾತಿಯ ಕಾರಣಕ್ಕೆ ಅಂಗಳದಲ್ಲೇ ನಿಲ್ಲಿಸುವವರು ಇನ್ನೂ ಇದ್ದಾರೆ. ವೇಷ ಬೇಕು, ವೇಷ ಕಟ್ಟುವವರು ಬೇಡ ಎಂದರೆ ಹೇಗೆ? ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿಯು ಈ ಸಮುದಾಯಗಳ ಹಿರಿಯರನ್ನೇ ಕೂರಿಸಿ ಮಾರ್ಗಸೂಚಿ ರೂಪಿಸಲಿ. ಶಿಕ್ಷಣ ಇಲಾಖೆ ಅದನ್ನು ಎಲ್ಲ ಶಾಲೆಗಳಿಗೆ ತಲುಪಿಸಲಿ.

– ಓರ್ವ ಓದುಗ, ಉಡುಪಿ